ಸ್ತನ ಕ್ಯಾನ್ಸರ್‌ಗೆ ರೇಡಿಯೇಷನ್: ಹೋಗುವ ಮೊದಲು, ನಡೆಯುವಾಗ, ಮುಗಿದ ಮೇಲೆ

ಸರ್ಜರಿ ಆಗಿದೆ. ಕೆಲವರಿಗೆ ಕೀಮೋನೂ ಮುಗಿದಿದೆ. ಅಂತೂ ಎಲ್ಲ ಆಯಿತು ಅಂದುಕೊಳ್ಳುವಷ್ಟರಲ್ಲಿ ಡಾಕ್ಟರು ‘ರೇಡಿಯೇಷನ್ ಒಂದು ಬಾಕಿ ಇದೆ’ ಎನ್ನುತ್ತಾರೆ. ಅಲ್ಲಿಂದ ಪ್ರಶ್ನೆಗಳು ಶುರು. ಸುಡುತ್ತಾ? ಕೂದಲು ಮತ್ತೆ ಹೋಗುತ್ತಾ? ಮನೆಯಲ್ಲಿ ಪುಟ್ಟ ಮಗು ಇದೆ, ಎತ್ತಿಕೊಳ್ಳಬಹುದಾ? ಎಷ್ಟು ದಿನ ಊರು ಬಿಟ್ಟಿರಬೇಕು? ಕೇಳುವವರು ಬೇರೆ ಬೇರೆ, ಪ್ರಶ್ನೆಗಳು ಮಾತ್ರ ಅವೇ. ಅದಕ್ಕೇ ಎಲ್ಲವನ್ನೂ ಒಂದೇ ಕಡೆ ಬರೆದಿದ್ದೇನೆ.

ಮೊದಲು ಚುಟುಕಾಗಿ ಹೇಳುತ್ತೇನೆ. ಮಷಿನ್ ಕೆಳಗೆ ಮಲಗಿದಾಗ ನೋವಾಗುವುದಿಲ್ಲ. ಎಕ್ಸ್‌ರೇ ತೆಗೆಯುವಾಗ ನಮಗೆ ಏನಾದರೂ ಗೊತ್ತಾಗುತ್ತಾ? ಇದೂ ಹಾಗೇ. ನಮ್ಮ ಕಡೆ ಇದನ್ನು ‘ಕರೆಂಟ್ ಕೊಡೋದು’ ಎನ್ನುತ್ತಾರೆ, ಆದರೆ ಶಾಕ್ ಹೊಡೆಯುವುದಿಲ್ಲ. ತಲೆಗೂದಲು ಉದುರುವುದಿಲ್ಲ, ಅದು ಕೀಮೋದಿಂದ ಆಗುವುದು. ಕಿರಣ ಬೀಳುವ ಜಾಗದ ಕೂದಲು, ಅಂದರೆ ಕಂಕುಳದ್ದು, ಉದುರಬಹುದು. ಹೊರಗಿನಿಂದ ಮಷಿನ್‌ನಲ್ಲಿ ಕೊಡುವ ರೇಡಿಯೇಷನ್ ಮೈಯಲ್ಲಿ ಉಳಿಯುವುದಿಲ್ಲ. ಮಗುವನ್ನು ಎತ್ತಿಕೊಳ್ಳಿ, ಗಂಡನ ಪಕ್ಕ ಮಲಗಿ, ಬಸುರಿ ಮಗಳ ಜೊತೆ ಇರಿ. ಯಾರಿಗೂ ಏನೂ ಆಗುವುದಿಲ್ಲ. ತಟ್ಟೆ ಲೋಟ ಬೇರೆ ಇಡುವ ಮನೆಗಳು ಇನ್ನೂ ಇವೆ, ಅದು ಶುದ್ಧ ದಂಡ.

ಮಷಿನ್‌ನಿಂದ ಆಗುವ ಕಷ್ಟಕ್ಕಿಂತ ಅದರ ಸುತ್ತಲಿನ ಕಷ್ಟಗಳೇ ಜಾಸ್ತಿ. ಕೈ ಮೇಲೇಳದಿರುವುದು, ಬ್ಲೌಸ್ ಉಜ್ಜುವುದು, ದಿನಾ ಓಡಾಟ, ಸುಸ್ತು, ಡಾಕ್ಟರ ಹತ್ತಿರ ಹೇಳಿಕೊಳ್ಳಲು ಸಂಕೋಚ. ಈ ಲೇಖನ ಹೆಚ್ಚಾಗಿ ಅವುಗಳ ಬಗ್ಗೆ. ನಿಮ್ಮ ಡಾಕ್ಟರು ಇದಕ್ಕಿಂತ ಬೇರೆ ಏನಾದರೂ ಹೇಳಿದ್ದರೆ ಅವರ ಮಾತೇ ನಡೆಯಲಿ. ನಿಮ್ಮ ಫೈಲು ನೋಡಿರುವವರು ಅವರು.

1. ಎಷ್ಟು ದಿನ, ಎಲ್ಲಿ, ದುಡ್ಡು ಹೇಗೆ

ರೇಡಿಯೇಷನ್ ಅನ್ನು ಒಂದೇ ಸಲ ಕೊಡುವುದಿಲ್ಲ. ಒಟ್ಟು ಡೋಸನ್ನು ಸಣ್ಣ ಪಾಲು ಮಾಡಿ, ವಾರಕ್ಕೆ ಐದು ದಿನದಂತೆ ಕೊಡುತ್ತಾರೆ. ಒಂದು ದಿನದ ಪಾಲಿಗೆ ‘ಫ್ರ್ಯಾಕ್ಷನ್’ ಎನ್ನುತ್ತಾರೆ. ಡೋಸ್ ಅಳೆಯುವುದು ‘ಗ್ರೇ’ ಲೆಕ್ಕದಲ್ಲಿ. ಮೊದಲು 50 ಗ್ರೇಯನ್ನು 25 ದಿನಕ್ಕೆ ಹಂಚಿ ಐದು ವಾರ ಕೊಡುತ್ತಿದ್ದರು. ಈಗ ಹೆಚ್ಚಿನ ಕಡೆ 40 ಗ್ರೇ, 15 ದಿನ, ಅಂದರೆ ಮೂರು ವಾರ. 2020ರಲ್ಲಿ ಬ್ರಿಟನ್ನಿನ ಒಂದು ದೊಡ್ಡ ಅಧ್ಯಯನದ ಫಲಿತಾಂಶ ಬಂದ ಮೇಲೆ, ಕೆಲವರಿಗೆ ಐದೇ ದಿನದಲ್ಲಿ 26 ಗ್ರೇ ಕೊಟ್ಟು ಮುಗಿಸುವುದೂ ಇದೆ. ‘ಪಕ್ಕದ ಬೆಡ್ಡಿನವರಿಗೆ 25, ನನಗ್ಯಾಕೆ 15?’ ಎಂದು ಗಾಬರಿ ಬೇಡ. ದಿನ ಕಡಿಮೆ ಎಂದರೆ ಚಿಕಿತ್ಸೆ ಕಡಿಮೆ ಎಂದಲ್ಲ, ದಿನದ ಪಾಲು ದೊಡ್ಡದು ಅಷ್ಟೇ. ಸ್ತನ ಉಳಿಸಿ ಗಡ್ಡೆ ಮಾತ್ರ ತೆಗೆದಿದ್ದರೆ, ಗಡ್ಡೆ ಇದ್ದ ಜಾಗಕ್ಕೆ ಕೊನೆಯಲ್ಲಿ ಇನ್ನೂ ಕೆಲವು ದಿನ ಕೊಡುವುದುಂಟು. ಅದಕ್ಕೆ ‘ಬೂಸ್ಟ್’ ಎನ್ನುತ್ತಾರೆ. ಬೂಸ್ಟ್ ಇದೆಯಾ ಎಂದು ಮೊದಲೇ ಕೇಳಿ, ಇಲ್ಲದಿದ್ದರೆ ಕೊನೇ ವಾರದಲ್ಲಿ ನಿಮ್ಮ ಲೆಕ್ಕ ತಪ್ಪುತ್ತದೆ.

ಸರ್ಜರಿ ಆದ ಆಸ್ಪತ್ರೆಯಲ್ಲೇ ರೇಡಿಯೇಷನ್ ಆಗಬೇಕು ಎಂದೇನಿಲ್ಲ. ಬೆಂಗಳೂರಿನ ಕಿದ್ವಾಯಿ ಎಲ್ಲರಿಗೂ ಗೊತ್ತು. ಆದರೆ ಹುಬ್ಬಳ್ಳಿ, ಮೈಸೂರು, ಮಂಗಳೂರು, ಮಣಿಪಾಲ, ಕಲಬುರಗಿಯಲ್ಲೂ ರೇಡಿಯೇಷನ್ ಸಿಗುತ್ತದೆ. ನನ್ನನ್ನು ಕೇಳಿದರೆ, ದಿನಾ ಮನೆಯಿಂದ ಹೋಗಿಬರುವಷ್ಟು ಹತ್ತಿರ ಒಳ್ಳೆಯ ಸೌಲಭ್ಯ ಇದ್ದರೆ ಅದನ್ನೇ ಆರಿಸಿಕೊಳ್ಳುವುದು ಮೇಲು. ಮೂರು ವಾರ ಬಾಡಿಗೆ ರೂಮಿನಲ್ಲಿ ಇದ್ದು ಹೋಟೆಲ್ ಊಟ ಮಾಡುವುದಕ್ಕಿಂತ ಅದು ವಾಸಿ. ದೂರ ಹೋಗಲೇಬೇಕಾದರೆ ಆಸ್ಪತ್ರೆಯ ಸಮಾಜ ಕಾರ್ಯಕರ್ತರ ಹತ್ತಿರ ಧರ್ಮಶಾಲೆ ಬಗ್ಗೆ ಕೇಳಿ. ಕಿದ್ವಾಯಿಯಲ್ಲಿ ಇದೆ. ಜಾಗ ಬೇಗ ತುಂಬುತ್ತದೆ, ಅದಕ್ಕೇ ತಾರೀಖು ಗೊತ್ತಾದ ದಿನವೇ ಕೇಳಿಬಿಡಿ.

ದುಡ್ಡಿನ ವಿಷಯ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ 30%, ವರ್ಷಕ್ಕೆ ಹೆಚ್ಚೆಂದರೆ ಒಂದೂವರೆ ಲಕ್ಷ. ಯೋಜನೆಗೆ ಸೇರಿದ ಆಸ್ಪತ್ರೆಯಲ್ಲಿ ‘ಆರೋಗ್ಯ ಮಿತ್ರ’ ಎಂಬ ಸಿಬ್ಬಂದಿ ಇರುತ್ತಾರೆ. ರೇಷನ್ ಕಾರ್ಡ್, ಆಧಾರ್, ಬಯಾಪ್ಸಿ ರಿಪೋರ್ಟ್ ತೆಗೆದುಕೊಂಡು ಮೊದಲು ಅವರನ್ನು ನೋಡಿ. ರೆಫರಲ್ ಪತ್ರ ಬೇಕಾ ಎಂದು ಅವರನ್ನೇ ಕೇಳಿ. ಇಲ್ಲಿ ಬಹಳ ಜನ ಎಡವುವುದು ಒಂದೇ ಕಡೆ: ಕೈಯಿಂದ ದುಡ್ಡು ಕಟ್ಟಿ ಶುರು ಮಾಡಿಬಿಡುತ್ತಾರೆ, ಆಮೇಲೆ ವಾಪಸ್ ಬರುತ್ತದೆ ಎಂದು ಕಾಯುತ್ತಾರೆ. ಯೋಜನೆಯ ಮಂಜೂರಾತಿ ಬಂದ ಮೇಲೇ ಚಿಕಿತ್ಸೆ ಶುರುವಾಗಬೇಕು.

ರೈಲಿನಲ್ಲಿ ಹೋಗುವವರಿಗೆ ರಿಯಾಯಿತಿಯೂ ಇದೆ. ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ತ್ರೀ ಟಯರ್ ಎಸಿಯಲ್ಲಿ ಟಿಕೆಟ್ ಪೂರ್ತಿ ಮಾಫಿ, ಜೊತೆಗೆ ಹೋಗುವ ಒಬ್ಬರಿಗೆ 75% ಕಡಿತ. ಅದಕ್ಕೊಂದು ಫಾರಂ ಇದೆ, ಆಸ್ಪತ್ರೆಯ ಸಹಿ, ಸೀಲು ಬೇಕು. ಕೇಳದಿದ್ದರೆ ಯಾರೂ ತಾವಾಗಿ ಕೊಡುವುದಿಲ್ಲ.

2. ಕೈ ಮೇಲೇಳಬೇಕು

ಇದನ್ನು ಯಾರೂ ಮೊದಲೇ ಸರಿಯಾಗಿ ಹೇಳುವುದಿಲ್ಲ ಎನ್ನುವುದು ನನ್ನ ದೂರು. ರೇಡಿಯೇಷನ್ ಕೊಡುವಾಗ ಸರ್ಜರಿ ಆದ ಕಡೆಯ ಕೈಯನ್ನು ತಲೆಯ ಮೇಲಕ್ಕೆ ಎತ್ತಿ, ಅಲ್ಲಾಡದೆ ಮಲಗಬೇಕು. ಮಷಿನ್ ರೂಮಿನಲ್ಲಿ ಒಟ್ಟು ಹತ್ತು–ಇಪ್ಪತ್ತು ನಿಮಿಷ. ಸರ್ಜರಿ ಆದ ಮೇಲೆ ಕೈಯನ್ನು ಮೈಗೆ ಅಂಟಿಸಿಕೊಂಡೇ ಇದ್ದವರಿಗೆ ಭುಜ ಬಿಗಿದುಕೊಂಡಿರುತ್ತದೆ. ಕೈ ಏಳದಿದ್ದರೆ ತಾರೀಖೇ ಮುಂದೆ ಹೋಗುತ್ತದೆ.

ಡ್ರೈನ್ ಪೈಪು ತೆಗೆದು, ಸರ್ಜನ್ ಒಪ್ಪಿದ ಮೇಲೆ ದಿನಕ್ಕೆ ಮೂರು ಸಲ ಇಷ್ಟು ಮಾಡಿ. ಗೋಡೆಗೆ ಎದುರಾಗಿ ನಿಂತು, ಬೆರಳುಗಳನ್ನು ಒಂದೊಂದೇ ಹೆಜ್ಜೆ ಇಟ್ಟಂತೆ ಮೇಲಕ್ಕೆ ಹತ್ತಿಸಿ. ಎಳೆತ ಗೊತ್ತಾದ ಕಡೆ ನಿಲ್ಲಿಸಿ, ಐದು ಎಣಿಸಿ, ನಿಧಾನ ಇಳಿಸಿ. ಆಮೇಲೆ ಗೋಡೆಗೆ ಪಕ್ಕವಾಗಿ ನಿಂತು ಅದೇ ಕೆಲಸ. ಎಲ್ಲಿವರೆಗೆ ಹೋಯಿತು ಎಂದು ಪೆನ್ಸಿಲಿನಲ್ಲಿ ಗುರುತು ಹಾಕಿ, ಮಾರನೆ ದಿನ ಅದಕ್ಕಿಂತ ಒಂದು ಬೆರಳು ಮೇಲೆ. ಕೊನೆಗೆ ಮಲಗಿಕೊಂಡು, ಒಳ್ಳೆಯ ಕೈಯಿಂದ ಈ ಕೈಯನ್ನು ಹಿಡಿದು ತಲೆಯ ಹಿಂದಕ್ಕೆ ಒಯ್ಯಿರಿ. ಎಳೆತ ಇರಬೇಕು, ಚುಚ್ಚುವ ನೋವು ಇರಬಾರದು. ರೇಡಿಯೇಷನ್ ನಡೆಯುವಾಗಲೂ ಮುಗಿದ ಮೇಲೂ ಬಿಡಬೇಡಿ, ಏಕೆಂದರೆ ಬಿಗಿತ ಆಮೇಲೂ ಬರಬಹುದು. ಬಿಂದಿಗೆ ಎತ್ತುವುದು, ಎಂಟು ಜನಕ್ಕೆ ಮುದ್ದೆ ತಿರುವುವುದು ವ್ಯಾಯಾಮ ಅಲ್ಲ. ಅದನ್ನು ಸದ್ಯ ಬೇರೆ ಯಾರಾದರೂ ಮಾಡಲಿ.

3. ಅಳತೆಯ ದಿನ

ಚಿಕಿತ್ಸೆ ಶುರುವಾಗುವ ಕೆಲವು ದಿನ ಮೊದಲು ನಿಮ್ಮನ್ನು ಒಮ್ಮೆ ಕರೆಸುತ್ತಾರೆ. ಇದಕ್ಕೆ ‘ಸಿಮ್ಯುಲೇಷನ್’ ಎನ್ನುತ್ತಾರೆ. ಅವತ್ತು ಚಿಕಿತ್ಸೆ ಇಲ್ಲ, ಅಳತೆ ಮಾತ್ರ. ಎದೆಯ ಮೇಲೆ ಬಟ್ಟೆ ಇಲ್ಲದೆ, ಇಳಿಜಾರಿನ ಒಂದು ಹಲಗೆಯ ಮೇಲೆ ಕೈ ಎತ್ತಿ ಮಲಗಿಸಿ ಸಿಟಿ ಸ್ಕ್ಯಾನ್ ತೆಗೆಯುತ್ತಾರೆ. ರೂಮು ತಣ್ಣಗಿರುತ್ತದೆ. ಎದೆಯ ಮೇಲೆ, ಪಕ್ಕೆಯ ಮೇಲೆ ಮಾರ್ಕರಿನಿಂದ ಗೆರೆ ಎಳೆಯುತ್ತಾರೆ. ಕೆಲವು ಕಡೆ ಸೂಜಿಮೊನೆಯಷ್ಟು ಹಚ್ಚೆಯ ಚುಕ್ಕೆ ಹಾಕುತ್ತಾರೆ, ಅದು ಅಳಿಸುವುದಿಲ್ಲ. ಟೆಕ್ನಿಷಿಯನ್ ಗಂಡಸಾಗಿದ್ದರೆ, ಮುಜುಗರ ಅನಿಸಿದರೆ, ‘ಜೊತೆಗೆ ಒಬ್ಬ ಸಿಸ್ಟರ್ ಇರಲಿ’ ಎಂದು ಕೇಳಿ. ಅದು ನಿಮ್ಮ ಹಕ್ಕು.

ಎಡ ಸ್ತನದ ಹಿಂದೆಯೇ ಹೃದಯ ಇದೆ. ಹಾಗಾಗಿ ಎಡಗಡೆಯವರಿಗೆ ಕೆಲವು ಆಸ್ಪತ್ರೆಗಳಲ್ಲಿ ಉಸಿರು ಹಿಡಿಸಿ ಕೊಡುತ್ತಾರೆ. ಆಳವಾಗಿ ಉಸಿರೆಳೆದು ಹಿಡಿದಾಗ ಶ್ವಾಸಕೋಶ ಉಬ್ಬಿ ಹೃದಯ ಎದೆಗೂಡಿನಿಂದ ಸ್ವಲ್ಪ ದೂರ ಸರಿಯುತ್ತದೆ. ಈ ವಿಧಾನಕ್ಕೆ ‘ಡಿಐಬಿಎಚ್’ ಎನ್ನುತ್ತಾರೆ. ನಿಮಗೆ ಅದು ಇದ್ದರೆ ಮನೆಯಲ್ಲಿ ಇಪ್ಪತ್ತು ಸೆಕೆಂಡ್ ಹಿಡಿದು ಬಿಡುವುದನ್ನು ರೂಢಿ ಮಾಡಿಕೊಳ್ಳಿ. ಇಲ್ಲ ಎಂದರೂ ಚಿಂತೆ ಬೇಡ, ಹೃದಯವನ್ನು ತಪ್ಪಿಸಿ ಪ್ಲಾನ್ ಮಾಡುವ ಬೇರೆ ದಾರಿಗಳೂ ಇವೆ.

ಅವತ್ತೇ ಹೇಳಬೇಕಾದ ಮೂರು ವಿಷಯ: ಪೇಸ್‌ಮೇಕರ್ ಇದ್ದರೆ, ಬಸಿರು ಇರುವ ಸಾಧ್ಯತೆ ಇದ್ದರೆ, ಹಿಂದೆ ಎದೆಗೆ ಯಾವಾಗಲಾದರೂ ರೇಡಿಯೇಷನ್ ಆಗಿದ್ದರೆ. ಯಾರೂ ಕೇಳದಿದ್ದರೂ ಹೇಳಿ.

ಗೆರೆಗಳು ಅಳಿಸಬಾರದು. ಮಾಸಿದರೆ ನೀವೇ ಪೆನ್ನಿನಿಂದ ತಿದ್ದಬೇಡಿ, ಮಾರನೆ ದಿನ ಅವರಿಗೇ ಹೇಳಿ. ಎಣ್ಣೆ ಸ್ನಾನ ಎಲ್ಲ ಮುಗಿಯುವವರೆಗೆ ಬೇಡ, ನಡುವೆ ದೀಪಾವಳಿ ಬಂದರೂ ಸರಿ. ತಲೆಗೆ ಮಾತ್ರ ಎಣ್ಣೆ ಹಚ್ಚಿ ಹಬ್ಬ ಮುಗಿಸಿ.

4. ದಿನನಿತ್ಯದ ಸರದಿ

ಮಷಿನ್ ಹೆಸರು ಲೀನಿಯರ್ ಆಕ್ಸಿಲರೇಟರ್, ಎಲ್ಲರೂ ಲಿನಾಕ್ ಎನ್ನುತ್ತಾರೆ. ಟೆಕ್ನಿಷಿಯನ್‌ಗಳು ನಿಮ್ಮನ್ನು ಮಲಗಿಸಿ, ಮೈಮೇಲಿನ ಗೆರೆಗಳಿಗೆ ಲೇಸರ್ ಬೆಳಕಿನ ಗೆರೆ ಕೂಡುವ ಹಾಗೆ ಒಂದೆರಡು ಮಿಲಿಮೀಟರ್ ಸರಿಸುತ್ತಾರೆ. ಆಗ ನೀವಾಗಿ ಸರಿದು ‘ಸಹಾಯ’ ಮಾಡಬೇಡಿ. ಮೈ ಬಿಟ್ಟುಕೊಟ್ಟು ಭಾರವಾಗಿ ಮಲಗಿದರೆ ಅವರಿಗೂ ಸುಲಭ, ನಿಮಗೂ ಬೇಗ. ಆಮೇಲೆ ಅವರು ಹೊರಗೆ ಹೋಗಿ ದಪ್ಪ ಬಾಗಿಲು ಮುಚ್ಚುತ್ತಾರೆ. ಕ್ಯಾಮೆರಾದಲ್ಲಿ ನೋಡುತ್ತಿರುತ್ತಾರೆ, ಸ್ಪೀಕರಿನಲ್ಲಿ ಮಾತಾಡುತ್ತಾರೆ. ಗುಂಯ್ ಎನ್ನುವ ಸದ್ದು ಬಿಟ್ಟರೆ ಏನೂ ಇರುವುದಿಲ್ಲ. ಕಿರಣ ಬೀಳುವುದು ಕೆಲವೇ ನಿಮಿಷ. ಕೆಮ್ಮು ಬಂದರೆ, ತಲೆ ಸುತ್ತಿದರೆ, ಜೋರಾಗಿ ಹೇಳಿ. ನಿಲ್ಲಿಸುತ್ತಾರೆ.

ಬಟ್ಟೆ: ಮುಂದೆ ಗುಂಡಿ ಇರುವ ಸಡಿಲ ಕಾಟನ್ ಶರ್ಟು ಅಥವಾ ಟಾಪು. ಸೀರೆಯೇ ಉಡುವವರು ತೋಳು, ಕಂಕುಳು ಸಡಿಲವಾದ ಮುಂದೆ ಹುಕ್ಕಿನ ಹಳೆಯ ಬ್ಲೌಸ್ ಹಾಕಿ. ಗೆರೆಯ ಬಣ್ಣ ಬಟ್ಟೆಗೆ ಹತ್ತುತ್ತದೆ, ಹಾಗಾಗಿ ಒಳ್ಳೆಯದು ಬೇಡ. ತಲೆಯ ಮೇಲಿಂದ ಎಳೆದು ಹಾಕುವ ಬಟ್ಟೆ ಬೇಡ.

ತಾಳಿಯ ವಿಷಯ ಕೇಳುವವರು ತುಂಬಾ ಜನ. ಸರ ಕಿರಣ ಬೀಳುವ ಜಾಗದ ಮೇಲೆ ಇರಬಾರದು, ಅಷ್ಟೇ. ಕೆಲವು ಕಡೆ ಹಿಂದಕ್ಕೆ ಸರಿಸಿಕೊಳ್ಳಲು ಬಿಡುತ್ತಾರೆ, ಕೆಲವು ಕಡೆ ತೆಗೆಯಲೇಬೇಕು. ಅಷ್ಟು ಹೊತ್ತು ಗಂಡನ ಕೈಯಲ್ಲೋ ಅತ್ತೆಯ ಕೈಯಲ್ಲೋ ಕೊಟ್ಟಿರಿ. ಅದರಿಂದ ಮನೆಯಲ್ಲಿ ಮಾತು ಬರುತ್ತದೆ ಅನಿಸಿದರೆ ಅಳತೆಯ ದಿನವೇ ಅವರನ್ನು ಜೊತೆಗೆ ಕರೆದುಕೊಂಡು ಹೋಗಿ, ಡಾಕ್ಟರ ಬಾಯಿಂದಲೇ ಕೇಳಲಿ.

ಮಷಿನ್ ಕೆಡುತ್ತದೆ, ಹಬ್ಬದ ರಜೆ ಬರುತ್ತದೆ. ಆಸ್ಪತ್ರೆಯ ಕಡೆಯಿಂದ ಒಂದು ದಿನ ತಪ್ಪಿದರೆ ಕೊನೆಗೆ ಸೇರಿಸುತ್ತಾರೆ, ಗಾಬರಿ ಬೇಡ. ನೀವಾಗಿ ತಪ್ಪಿಸುವುದು ಬೇರೆ ಮಾತು. ನಾಲ್ಕು ದಿನ ಮದುವೆಗೆ ಹೋಗಿಬರುತ್ತೇನೆ ಎನ್ನಬೇಡಿ. ನಡುವೆ ಉದ್ದ ಬಿಡುವು ಕೊಟ್ಟರೆ ಚಿಕಿತ್ಸೆಯ ಬಲ ಕಡಿಮೆಯಾಗುತ್ತದೆ.

5. ಚರ್ಮ

ತೊಂದರೆ ಕೊಡುವುದು ಇದೇ, ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಮೊದಲ ವಾರ ಏನೂ ಆಗುವುದಿಲ್ಲ. ಎರಡು–ಮೂರನೇ ವಾರಕ್ಕೆ ಬಿಸಿಲಲ್ಲಿ ನಿಂತು ಬಂದ ಹಾಗೆ ಬಿಸಿ, ಬಿಗಿತ, ತುರಿಕೆ. ಚರ್ಮ ‘ಕೆಂಪಾಗುತ್ತದೆ’ ಎಂದು ಪುಸ್ತಕಗಳಲ್ಲಿ ಬರೆದಿರುತ್ತಾರೆ. ನಮ್ಮ ಮೈಬಣ್ಣಕ್ಕೆ ಅದು ಕೆಂಪಾಗಿ ಕಾಣುವುದಿಲ್ಲ, ಕಪ್ಪಾಗುತ್ತದೆ. ಕೆಂಪು ಕಾಣಲಿಲ್ಲ ಎಂದು ಸುಮ್ನೆ ಇರಬೇಡಿ. ಜಾಸ್ತಿ ತೊಂದರೆ ಆಗುವುದು ಮಡಿಕೆಗಳಲ್ಲಿ: ಸ್ತನದ ಕೆಳಗೆ ಮತ್ತು ಕಂಕುಳಲ್ಲಿ. ಅಲ್ಲಿ ಬೆವರು, ಅಲ್ಲೇ ಉಜ್ಜಾಟ.

ಮಾಡಬೇಕಾದ್ದು ಇಷ್ಟು. ದಿನಾ ಉಗುರುಬೆಚ್ಚಗಿನ ನೀರಿನಲ್ಲಿ ಸ್ನಾನ ಮಾಡಿ. ಸುವಾಸನೆ ಇಲ್ಲದ, ಮೃದುವಾದ ಸೋಪನ್ನು ಕೈಯಲ್ಲೇ ಹಚ್ಚಿ, ಸ್ಕ್ರಬ್ಬರ್ ಬೇಡ. ಟವೆಲಿನಿಂದ ಉಜ್ಜಬೇಡಿ, ಒತ್ತಿ ಒರೆಸಿ. ಸುವಾಸನೆ ಇಲ್ಲದ ಮಾಯಿಶ್ಚರೈಸರನ್ನು ತೆಳ್ಳಗೆ, ದಿನಕ್ಕೆ ಎರಡು ಮೂರು ಸಲ ಹಚ್ಚಿ, ಯಾವುದು ಎಂದು ಡಾಕ್ಟರನ್ನೇ ಕೇಳಿ. ಚಿಕಿತ್ಸೆಗೆ ಹೋಗುವ ಮೊದಲು ದಪ್ಪಗೆ ಬಳಿದುಕೊಳ್ಳಬೇಡಿ. ಮೆತ್ತಗಾದ ಹಳೇ ಪಂಚೆಯ ತುಂಡನ್ನು ಒಗೆದು, ಒಣಗಿಸಿ, ಮಡಚಿ ಸ್ತನದ ಕೆಳಗೆ ಇಟ್ಟುಕೊಂಡರೆ ಚರ್ಮಕ್ಕೆ ಚರ್ಮ ಉಜ್ಜುವುದಿಲ್ಲ. ಒದ್ದೆಯಾದ ಕೂಡಲೇ ಬದಲಾಯಿಸಿ. ಮನೆಯಲ್ಲಿ ಬ್ರಾ ಬಿಡಿ, ಸಡಿಲ ಕಾಟನ್ ಸ್ಲಿಪ್ ಸಾಕು. ಮಧ್ಯಾಹ್ನ ಬಾಗಿಲು ಹಾಕಿಕೊಂಡು, ಕೈ ಎತ್ತಿ, ಫ್ಯಾನಿನ ಕೆಳಗೆ ಅರ್ಧ ಗಂಟೆ ಹಾಗೇ ಮಲಗಿ. ಗಾಳಿಯಾಡಿದಷ್ಟೂ ಹಗುರ ಅನಿಸುತ್ತದೆ. ಸ್ತನ ತೆಗೆಸಿಕೊಂಡವರು ಬ್ರಾ ಒಳಗೆ ಇಡುವ ಸಿಲಿಕೋನ್ ಫಾರಂ ಅನ್ನು ಕೆಲವು ವಾರ ಪಕ್ಕಕ್ಕಿಡಿ. ಹೊರಗೆ ಹೋಗುವಾಗ ಹತ್ತಿ ತುಂಬಿದ ಹಗುರದ್ದು ಸಾಕು.

ಇನ್ನು ಬೇಡದ್ದು. ಅರಿಶಿನ ಬೇಡ. ಅದಕ್ಕೆ ಸಿಟ್ಟು ಮಾಡಿಕೊಳ್ಳುವ ಅಜ್ಜಿಯರು ಇರುತ್ತಾರೆ, ಗೊತ್ತು, ಆದರೂ ಬೇಡ. ಚರ್ಮ ಒಣಗುತ್ತದೆ, ಗೆರೆ ಅಳಿಸುತ್ತದೆ, ಬಣ್ಣದಿಂದ ಚರ್ಮದ ಸ್ಥಿತಿ ಡಾಕ್ಟರಿಗೆ ಕಾಣುವುದಿಲ್ಲ. ಪೌಡರ್ ಬೇಡ, ಬೆವರಿಗೆ ಸೇರಿ ಮಡಿಕೆಯಲ್ಲಿ ಗಂಟು ಕಟ್ಟುತ್ತದೆ. ಹಿತ್ತಲಿನ ಲೋಳೆಸರ, ಜೇನು, ತುಪ್ಪ ಸುಲಿದ ಚರ್ಮಕ್ಕೆ ಹಾಕಬೇಡಿ, ಸೋಂಕಾಗಬಹುದು. ಐಸ್ ಇಡುವುದು, ಬಿಸಿ ಶಾಖ ಕೊಡುವುದು ಎರಡೂ ಬೇಡ. ಕಂಕುಳಿಗೆ ಬ್ಲೇಡು ಬೇಡ. ಉರಿಯುವ ಒಲೆಯ ಮುಂದೆ ಹೊತ್ತುಗಟ್ಟಲೆ ನಿಲ್ಲಬೇಡಿ.

ತುರಿಕೆ ಜಾಸ್ತಿಯಾದರೆ ಡಾಕ್ಟರು ಸ್ಟೆರಾಯ್ಡ್ ಕ್ರೀಮ್ ಬರೆದುಕೊಡಬಹುದು. ಒಳ್ಳೆಯ ಕೆಲಸ ಮಾಡುತ್ತದೆ, ಆದರೆ ಮೆಡಿಕಲ್ ಶಾಪಿನಲ್ಲಿ ನೀವೇ ಕೇಳಿ ತರುವುದಲ್ಲ. ಚರ್ಮ ಸುಲಿದು ನೀರು ಒಸರಲು ಶುರುವಾದರೆ ಅವತ್ತೇ ತೋರಿಸಿ. ಸರಿಯಾದ ಡ್ರೆಸ್ಸಿಂಗ್ ಹಾಕಿದರೆ ಸಾಮಾನ್ಯವಾಗಿ ಚಿಕಿತ್ಸೆ ನಿಲ್ಲಿಸದೆಯೇ ಮುಂದುವರಿಸಬಹುದು.

ಎಲ್ಲಕ್ಕಿಂತ ಮುಖ್ಯ ಎಚ್ಚರಿಕೆ ಇದು. ಚರ್ಮ ಹೆಚ್ಚು ಕೆಡುವುದು ಕೊನೆಯ ದಿನ ಅಲ್ಲ, ಕೊನೆಯ ದಿನ ಆಗಿ ಒಂದೆರಡು ವಾರಕ್ಕೆ. ಎಲ್ಲ ಮುಗಿಯಿತೆಂದು ಊರಿಗೆ ಹೋಗಿರುತ್ತೀರಿ, ಆಗ ಉರಿ ಏರುತ್ತದೆ. ಏನೋ ಎಡವಟ್ಟಾಯಿತು ಎಂದು ಭಯಪಡುತ್ತೀರಿ. ಇದು ನಿರೀಕ್ಷಿತವೇ, ಮೂರು ನಾಲ್ಕು ವಾರದಲ್ಲಿ ಹೊಸ ಚರ್ಮ ಬರುತ್ತದೆ. ಊರಿಗೆ ಹೊರಡುವ ಮೊದಲೇ ಕ್ರೀಮ್, ನೋವಿನ ಮಾತ್ರೆಯ ಚೀಟಿ, ಫೋನ್ ಮಾಡಬೇಕಾದ ನಂಬರ್ ಮೂರನ್ನೂ ಇಸ್ಕೊಂಡಿರಿ.

6. ಸುಸ್ತು, ಊಟ, ಗಂಟಲು

ಎರಡನೇ ವಾರದ ಹೊತ್ತಿಗೆ ಶುರುವಾಗುವ ಈ ಸುಸ್ತು ನಿದ್ದೆ ಮಾಡಿದರೂ ಹೋಗುವುದಿಲ್ಲ. ಮೈ ಹುಷಾರಿಲ್ಲ ಎಂದು ಹಗಲೆಲ್ಲಾ ಮಲಗಿದರೆ ಇನ್ನೂ ಜಾಸ್ತಿಯಾಗುತ್ತದೆ. ಬೆಳಿಗ್ಗೆ ಬಿಸಿಲೇರುವ ಮೊದಲು ಇಪ್ಪತ್ತು–ಮೂವತ್ತು ನಿಮಿಷ ನಡೆಯಿರಿ. ವಿಚಿತ್ರ ಅನಿಸಿದರೂ ನಡೆದವರಿಗೇ ಸುಸ್ತು ಕಡಿಮೆ. ಮಧ್ಯಾಹ್ನ ಒಂದು ಸಣ್ಣ ನಿದ್ದೆ ಸಾಕು. ಮೆಟ್ಟಿಲು ಹತ್ತುವಾಗ ಏದುಸಿರು ಬಂದರೆ ಹಿಮೋಗ್ಲೋಬಿನ್ ನೋಡಿಸಿ, ಕೀಮೋ ಆದವರಿಗೆ ಅದು ಕಡಿಮೆ ಇರಬಹುದು.

ಪಥ್ಯ ಏನೂ ಇಲ್ಲ. ಬದನೆಕಾಯಿ ನಂಜು, ಮೊಸರು ಶೀತ ಎಂದು ಒಂದೊಂದೇ ಬಿಡಿಸುತ್ತಾ ಬಂದರೆ ತಟ್ಟೆಯಲ್ಲಿ ತಿಳಿಸಾರು ಅನ್ನ ಮಾತ್ರ ಉಳಿಯುತ್ತದೆ. ಚರ್ಮ ಮತ್ತೆ ಬೆಳೆಯಲು ಪ್ರೋಟೀನ್ ಬೇಕು: ಬೇಳೆ, ಮೊಳಕೆ ಹೆಸರುಕಾಳು, ಮೊಸರು, ತಿನ್ನುವವರಿಗೆ ಮೊಟ್ಟೆ, ಮೀನು. ವಿಟಮಿನ್ ಮಾತ್ರೆ, ‘ಕ್ಯಾನ್ಸರ್ ಕಷಾಯ’, ಯಾರೋ ಕಳಿಸಿದ ಪುಡಿ, ಯಾವುದನ್ನೂ ಡಾಕ್ಟರಿಗೆ ತೋರಿಸದೆ ತೆಗೆದುಕೊಳ್ಳಬೇಡಿ. ಎಲೆಅಡಿಕೆಗೆ ಹೊಗೆಸೊಪ್ಪು ಹಾಕುವವರು, ಬೀಡಿ ಸಿಗರೇಟು ಸೇದುವವರು ಇದೇ ನೆಪದಲ್ಲಿ ಬಿಡಿ. ಎದೆಗೆ ರೇಡಿಯೇಷನ್ ಆದವರು ಸೇದಿದರೆ ಶ್ವಾಸಕೋಶಕ್ಕೂ ಹೃದಯಕ್ಕೂ ಅಪಾಯ ಹೆಚ್ಚು.

ಕತ್ತಿನ ಬುಡದ ಎಲುಬಿನ ಮೇಲಿರುವ ಗ್ರಂಥಿಗಳಿಗೂ ರೇಡಿಯೇಷನ್ ಇದ್ದರೆ ನುಂಗುವಾಗ ಗಂಟಲು ಕಚ್ಚುತ್ತದೆ. ಆ ದಿನಗಳಲ್ಲಿ ಖಾರ, ಹುಳಿ ಬಿಟ್ಟು ಮೆತ್ತಗಿನ ಅನ್ನ, ರಾಗಿ ಗಂಜಿ, ತಣ್ಣಗಿನ ಮಜ್ಜಿಗೆ. ಮುಗಿದ ಮೇಲೆ ಕೆಲವೇ ವಾರದಲ್ಲಿ ಹೋಗುತ್ತದೆ.

7. ವಾರದ ರಿವ್ಯೂ

ವಾರಕ್ಕೊಮ್ಮೆ ಡಾಕ್ಟರು ನೋಡುತ್ತಾರೆ. ‘ಹೇಗಿದ್ದೀರಮ್ಮಾ?’ ಎಂದರೆ ನಮ್ಮ ಹೆಂಗಸರು ‘ಚೆನ್ನಾಗಿದ್ದೀನಿ ಸಾರ್’ ಎಂದು ಎದ್ದು ಬರುತ್ತಾರೆ. ಹೊರಗೆ ಬಂದು ಬೆಂಚಿನ ಮೇಲೆ ಪಕ್ಕದವರಿಗೆ ಎಲ್ಲ ಹೇಳುತ್ತಾರೆ! ಆ ಎರಡು ನಿಮಿಷ ನಿಮ್ಮದು. ತುರಿಕೆ, ಮಡಿಕೆಯ ವಾಸನೆ, ನಿದ್ದೆ ಇಲ್ಲದಿರುವುದು, ಸುಮ್ನೆ ಅಳು ಬರುವುದು, ಎಲ್ಲವನ್ನೂ ಚೀಟಿಯಲ್ಲಿ ಬರೆದುಕೊಂಡು ಹೋಗಿ ಓದಿಬಿಡಿ. ಸ್ತನದ ಕೆಳಭಾಗವನ್ನು ಎತ್ತಿ ತೋರಿಸಿ. ಮೊದಲ ವಾರ ಹೇಳಿದ್ದಕ್ಕೆ ಕ್ರೀಮ್ ಸಾಕು, ಮೂರನೇ ವಾರ ಹೇಳಿದ್ದಕ್ಕೆ ಡ್ರೆಸ್ಸಿಂಗ್ ಬೇಕಾಗುತ್ತದೆ.

ರಿವ್ಯೂ ದಿನಕ್ಕೆ ಕಾಯದೆ ಹೋಗಬೇಕಾದ್ದು: 100.4 ಡಿಗ್ರಿ ಫ್ಯಾರನ್‌ಹೀಟ್‌ ದಾಟಿದ ಜ್ವರ, ಕೀವು ಅಥವಾ ಕೆಟ್ಟ ವಾಸನೆ, ಉಸಿರಾಟದ ತೊಂದರೆ, ಎದೆನೋವು, ಕೈ ಇದ್ದಕ್ಕಿದ್ದ ಹಾಗೆ ಊದಿ ಬಿಸಿಯಾಗುವುದು.

8. ಮುಗಿದ ಮೇಲೆ

ಕಪ್ಪು ಬಣ್ಣ ತಿಳಿಯಾಗಲು ತಿಂಗಳುಗಳೇ ಬೇಕು. ಆ ಜಾಗಕ್ಕೆ ಬಿಸಿಲು ತಾಗದ ಹಾಗೆ ನೋಡಿಕೊಳ್ಳಿ. ಸ್ತನದಲ್ಲಿ ಆಗಾಗ ಸೂಜಿ ಚುಚ್ಚಿದಂತೆ ಚುಳ್ ಎನ್ನುವುದು ತಿಂಗಳುಗಟ್ಟಲೆ ಇರಬಹುದು, ಅದು ಕ್ಯಾನ್ಸರ್ ವಾಪಸ್ ಬಂದ ಸೂಚನೆ ಅಲ್ಲ. ಹೊಸ ಗಂಟು ಸಿಕ್ಕರೆ ಮಾತ್ರ ತಡಮಾಡದೆ ತೋರಿಸಿ. ಮುಗಿದು ಒಂದರಿಂದ ಆರು ತಿಂಗಳೊಳಗೆ ಒಣಕೆಮ್ಮು, ಸಣ್ಣ ಜ್ವರ, ಏದುಸಿರು ಬಂದರೆ ಅದು ಶ್ವಾಸಕೋಶದ ಉರಿಯೂತ ಇರಬಹುದು. ಇದು ಅಪರೂಪ, ಔಷಧಿಯೂ ಇದೆ. ಆದರೆ ಊರಿನ ಡಾಕ್ಟರಿಗೆ ‘ಎದೆಗೆ ರೇಡಿಯೇಷನ್ ಆಗಿದೆ’ ಎಂದು ನೀವೇ ಹೇಳದಿದ್ದರೆ ಅವರು ಮಾಮೂಲಿ ಕೆಮ್ಮಿನ ಸಿರಪ್ ಕೊಟ್ಟು ಕಳಿಸುತ್ತಾರೆ.

ಕಂಕುಳ ಗ್ರಂಥಿ ತೆಗೆದಿದ್ದರೆ ಕೈ ಊದಿಕೊಳ್ಳುವ ‘ಲಿಂಫೆಡೀಮಾ’ ವರ್ಷಗಳ ಮೇಲೂ ಬರಬಹುದು. ಬಳೆ ಬಿಗಿಯಾಗುವುದು, ಬ್ಲೌಸಿನ ಒಂದೇ ತೋಳು ಹಿಡಿಯುವುದು ಮೊದಲ ಗುರುತು. ಆಗಲೇ ಫಿಜಿಯೋಥೆರಪಿಸ್ಟರಿಗೆ ತೋರಿಸಿದರೆ ಹತೋಟಿಯಲ್ಲಿ ಇಡಬಹುದು. ಪಾತ್ರೆ ತಿಕ್ಕುವಾಗ, ಗಿಡಕ್ಕೆ ಮಣ್ಣು ಹಾಕುವಾಗ ಗ್ಲೌಸ್ ಹಾಕಿ. ಸಣ್ಣ ಗಾಯವಾದರೂ ಕೂಡಲೇ ತೊಳೆದು ಮದ್ದು ಹಚ್ಚಿ. ಟಾಮಾಕ್ಸಿಫೆನ್ ಅಥವಾ ಲೆಟ್ರೋಜೋಲ್ ಎಂಬ ಹಾರ್ಮೋನ್ ಚಿಕಿತ್ಸೆಯ ಮಾತ್ರೆ ಬರೆದಿದ್ದರೆ ಅದು ವರ್ಷಗಟ್ಟಲೆಯದು, ರೇಡಿಯೇಷನ್ ಮುಗಿಯಿತೆಂದು ನಿಲ್ಲಿಸಬೇಡಿ. ಮೊದಲ ಮ್ಯಾಮೋಗ್ರಾಂ, ಅಂದರೆ ಸ್ತನದ ಎಕ್ಸ್‌ರೇ, ಸಾಮಾನ್ಯವಾಗಿ ಆರರಿಂದ ಹನ್ನೆರಡು ತಿಂಗಳಿಗೆ.

ಕೊನೆಯ ದಿನ ಟ್ರೀಟ್‌ಮೆಂಟ್ ಸಮ್ಮರಿ ಕೇಳಿ ಪಡೆಯಿರಿ. ಯಾವ ಕಡೆಗೆ, ಎಷ್ಟು ಗ್ರೇ, ಎಷ್ಟು ಫ್ರ್ಯಾಕ್ಷನ್, ಯಾವ ತಾರೀಖಿನಿಂದ ಯಾವ ತಾರೀಖು ಎಂಬುದೆಲ್ಲ ಅದರಲ್ಲಿ ಇರಬೇಕು. ಫೋಟೋ ತೆಗೆದು ನಿಮ್ಮ ಫೋನಿನಲ್ಲಿ ಒಂದು, ಮಕ್ಕಳ ಫೋನಿನಲ್ಲಿ ಒಂದು ಇಡಿ. ಮುಂದೆ ಯಾವ ಊರಿನ ಯಾವ ಡಾಕ್ಟರ ಹತ್ತಿರ ಹೋದರೂ ಮೊದಲು ಕೇಳುವುದು ಆ ಕಾಗದವನ್ನೇ.